ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ!

ಹೀನಾಯವಾಗಿ ಸೋತ ತಂಡವನ್ನು ಜನ ನಾಲ್ಕು ಮಾತು ಬೈದು ಮರೆತುಬಿಡುತ್ತಾರೆ. ಗೆದ್ದೇಬಿಟ್ಟೆವು ಅನ್ನುವಾಗ ಕೊನೇ ಗಳಿಗೆಯಲ್ಲಿ ಸೋತ ತಂಡವನ್ನು ಮರೆಯುವುದು ಅಷ್ಟು ಸುಲಭ ಅಲ್ಲ. ಕಬಡ್ಡಿ ಅಂಕಣದ ಪಕ್ಕ ನಿಂತು ಒಂದು ಪಾಯಿಂಟಿನ ಸೋಲು ಕಂಡ ಯಾರನ್ನಾದರೂ ಕೇಳಿ ನೋಡಿ. ಅಮೆರಿಕದ ನೆಬ್ರಾಸ್ಕ ರಾಜ್ಯದ ಜನ ಈ ಸಂಕಟವನ್ನು ಒಂದು ದಿನವಲ್ಲ, ವರ್ಷಗಟ್ಟಲೆ ಉಂಡಿದ್ದಾರೆ.

ನೆಬ್ರಾಸ್ಕ ಅಂದರೆ ಮೆಕ್ಕೆಜೋಳ, ದನ, ಕಣ್ಣು ಹಾಯುವಷ್ಟು ಬಯಲು. ಅಲ್ಲಿನ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದ ಹೆಸರೇ 'ಕಾರ್ನ್‌ಹಸ್ಕರ್ಸ್'. ಅಂದರೆ ಜೋಳದ ತೆನೆ ಸುಲಿಯುವವರು. ರಾಜ್ಯಕ್ಕೆ ಹೆಸರಾಂತ ವೃತ್ತಿಪರ ತಂಡ ಒಂದೂ ಇಲ್ಲ. ಹಾಗಾಗಿ ಇರುವ ಪ್ರೀತಿಯೆಲ್ಲ ಈ ಕಾಲೇಜು ಹುಡುಗರ ಮೇಲೆ. ಲಿಂಕನ್ ನಗರದ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರ ನವೆಂಬರ್‌ನಿಂದ ಟಿಕೆಟ್ ಮಿಕ್ಕಿದ್ದೇ ಇಲ್ಲ. ಪ್ರೇಕ್ಷಕರನ್ನು ಬಿಡದಿದ್ದ 2020ರ ಕೊರೊನಾ ವರ್ಷದ ಮಾತು ಬೇರೆ. ಆಟದ ದಿನ ಎಂಬತ್ತು ಸಾವಿರಕ್ಕೂ ಮಿಕ್ಕಿ ಜನ ಕೆಂಪಂಗಿ ತೊಟ್ಟು ಬಂದು ಕೂರುತ್ತಾರೆ. ಆ ಹೊತ್ತಿಗೆ ಸ್ಟೇಡಿಯಮ್ಮೇ ರಾಜ್ಯದ ಮೂರನೇ ದೊಡ್ಡ ಊರು!

ಊರ ಮಗ ಬಂದ

ಇದು ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಕೈಯಲ್ಲಿ ಚೆಂಡು ಹಿಡಿದು ಓಡುವುದು. ಗೆರೆ ದಾಟಿಸಿದರೆ 6 ಅಂಕ, ಜೊತೆಗೆ ಬೋನಸ್ಸು 1 ಅಥವಾ 2. ಕಂಬಗಳ ನಡುವೆ ಒದ್ದರೆ 3. ಅಂದರೆ 8 ಅಂಕದ ಅಂತರವನ್ನು ಒಂದೇ ದಾಳಿಯಲ್ಲಿ ತುಂಬಬಹುದು. ಅದರೊಳಗೆ ಮುಗಿದದ್ದು ಸಮಬಲದ ಆಟ ಅಂತ ಲೆಕ್ಕ.

ನೆಬ್ರಾಸ್ಕ ಸಾಮಾನ್ಯ ತಂಡವೇನಲ್ಲ. 1970, 1971, 1994, 1995, 1997ರಲ್ಲಿ ರಾಷ್ಟ್ರೀಯ ಚಾಂಪಿಯನ್. ಟಾಮ್ ಓಸ್ಬೋರ್ನ್ ಅನ್ನುವ ಕೋಚು 25 ವರ್ಷದಲ್ಲಿ 255 ಆಟ ಗೆಲ್ಲಿಸಿಕೊಟ್ಟವರು. ಅವರ 1997ರ ತಂಡದ ಕ್ವಾರ್ಟರ್‌ಬ್ಯಾಕ್ ಸ್ಕಾಟ್ ಫ್ರಾಸ್ಟ್, ಅದೇ ರಾಜ್ಯದ ಹುಡುಗ. 2017ರಲ್ಲಿ ಫ್ಲಾರಿಡಾದ ಒಂದು ತಂಡವನ್ನು 13ಕ್ಕೆ 13 ಗೆಲ್ಲಿಸಿದ ಫ್ರಾಸ್ಟ್ ಕೋಚಾಗಿ ತವರಿಗೆ ಮರಳಿದಾಗ ಊರಿಗೆ ಊರೇ ಕುಣಿಯಿತು. ಸಂಬಳ ವರ್ಷಕ್ಕೆ 50 ಲಕ್ಷ ಡಾಲರು.

2018ರ ಮೊದಲ ಆರು ಆಟವೂ ಸೋಲು. ಕುಣಿತ ಅಲ್ಲಿಗೆ ನಿಂತಿತು.

ಸಮ ಸಮ, ಆದರೂ ಸೋಲು

ಎಲ್ಲಕ್ಕಿಂತ ವಿಚಿತ್ರ 2021ರ ಕತೆ. 12 ಆಟದಲ್ಲಿ ಗೆದ್ದದ್ದು 3, ಸೋತದ್ದು 9. ಕೇಳಿದವರು 'ಛೇ, ಎಂಥಾ ದರಿದ್ರ ತಂಡ' ಅಂದಾರು. ಆದರೆ ಒಂಬತ್ತರಲ್ಲಿ ಒಂದು ಸೋಲೂ ಎರಡಂಕಿ ದಾಟಲಿಲ್ಲ. ಒಂಬತ್ತೂ ಸೋಲಿನ ಅಂತರ ಕೂಡಿಸಿದರೆ 56 ಅಂಕ. ಗೆದ್ದ ಮೂರರಲ್ಲಿ ಒಂದು ಆಟದಲ್ಲೇ ಇವರು ಹೊಡೆದದ್ದು 56!

ಇನ್ನೂ ಒಂದು ಲೆಕ್ಕ ಇದೆ. ತಮ್ಮದೇ 'ಬಿಗ್ ಟೆನ್' ಕೂಟದ ಒಂಬತ್ತು ಆಟದಲ್ಲಿ ನೆಬ್ರಾಸ್ಕ ಗಳಿಸಿದ್ದು 239 ಅಂಕ, ಎದುರಾಳಿಗಳು ಗಳಿಸಿದ್ದೂ 239. ತಕ್ಕಡಿ ಒಂದು ಗುಲಗಂಜಿಯಷ್ಟೂ ಆಚೀಚೆ ಆಗಲಿಲ್ಲ. ಫಲಿತಾಂಶ ಮಾತ್ರ ಒಂದು ಗೆಲುವು, ಎಂಟು ಸೋಲು.

ಸೋತದ್ದಾದರೂ ಹೇಗೆ? ಮಿಷಿಗನ್ ಸ್ಟೇಟ್ ಎದುರು ನಾಲ್ಕು ನಿಮಿಷಕ್ಕಿಂತ ಕಮ್ಮಿ ಬಾಕಿ, 20–13ರ ಮುನ್ನಡೆ. ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸಬೇಕಿತ್ತು, ಅಷ್ಟೇ ಕೆಲಸ. ತಂಡದವರು ಒಂದು ಬದಿಗೆ ಓಡಿದರು, ಒದ್ದ ಚೆಂಡು ಇನ್ನೊಂದು ಬದಿಗೆ ಹೋಯಿತು. ಹಿಡಿದವನು ಅಡ್ಡಿಯಿಲ್ಲದೆ 62 ಗಜ ಓಡಿ ಗೆರೆ ದಾಟಿದ. ಹೆಚ್ಚುವರಿ ಆಟದಲ್ಲಿ 23–20ರ ಸೋಲು. ಮಿಷಿಗನ್ ಎದುರು 29–29 ಇರುವಾಗ ಕೈಯಲ್ಲಿದ್ದ ಚೆಂಡನ್ನೇ ಕಿತ್ತುಕೊಟ್ಟು 32–29ರ ಸೋಲು. ಅಯೋವಾ ಎದುರು 21–6ರಲ್ಲಿ ಮುಂದಿದ್ದವರು, ಒದೆಯಲು ಹೋದ ಚೆಂಡು ಎದುರಾಳಿಯ ಕೈಗೆ ಬಡಿದು ಅವರಿಗೇ ಅಂಕವಾಗಿ, 28–21ಕ್ಕೆ ಸೋತರು.

ತೋಳಿನ ಬಲ ಕಮ್ಮಿಯಾಗಿ ಸೋತದ್ದಲ್ಲ ಇದು. ಒದೆಯುವುದು, ಹಿಡಿಯುವುದು, ಚೆಂಡನ್ನು ಎದೆಗೆ ಅವುಚಿಕೊಳ್ಳುವುದು, ಇಂಥ ಚಿಲ್ಲರೆ ಕೆಲಸದಲ್ಲಿ ಸೋತದ್ದು. ದೊಡ್ಡ ಅಂತರದ ಆಟದಲ್ಲಿ ಚಿಲ್ಲರೆ ತಪ್ಪು ಯಾರ ಕಣ್ಣಿಗೂ ಬೀಳೋದಿಲ್ಲ. ಸಮಬಲದ ಆಟದಲ್ಲಿ ಅದೇ ಬಂಡವಾಳ.

ತಲೆದಂಡ

ಸೀಸನ್ ಮುಗಿಯುವ ಮುಂಚೆಯೇ ನಾಲ್ವರು ಸಹಾಯಕ ಕೋಚುಗಳನ್ನು ಮನೆಗೆ ಕಳಿಸಿದರು. ಫ್ರಾಸ್ಟ್ ಸಂಬಳ 40 ಲಕ್ಷ ಡಾಲರಿಗೆ ಇಳಿಯಿತು. 2022ರ ಆಗಸ್ಟಿನಲ್ಲಿ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ಎದುರು 28–17ರಲ್ಲಿ ಮುಂದಿದ್ದಾಗ ಫ್ರಾಸ್ಟ್ ಸುಮ್ಮನಿರಲಾರದೆ, ಚೆಂಡನ್ನು ಗಿಡ್ಡದಾಗಿ ಒದ್ದು ತಾವೇ ಹಿಡಿಯುವ ಜೂಜಿಗೆ ಇಳಿದರು. ಚೆಂಡು ಎದುರಾಳಿಗೆ ಸಿಕ್ಕಿತು. ಸೋಲು 31–28. ಎರಡು ವಾರ ಕಳೆದು ತವರಿನಲ್ಲೇ ಜಾರ್ಜಿಯಾ ಸದರ್ನ್ ಎದುರು 45–42ರ ಸೋಲು. ಮರುದಿನ ಕೆಲಸ ಹೋಯಿತು.

ಅಕ್ಟೋಬರ್ 1ರ ತನಕ ಕಾದಿದ್ದರೆ ಬಿಡುಗಡೆ ಹಣ ಅರ್ಧಕ್ಕೆ ಇಳಿದು 75 ಲಕ್ಷ ಡಾಲರು ಆಗುತ್ತಿತ್ತು. ಮೂರು ವಾರದ ತಾಳ್ಮೆಯೂ ಉಳಿದಿರಲಿಲ್ಲ. ಒಂದೂವರೆ ಕೋಟಿ ಡಾಲರು ತೆತ್ತರು.

ಫ್ರಾಸ್ಟ್ ಕಾಲದ ಒಟ್ಟು ಲೆಕ್ಕ 16 ಗೆಲುವು, 31 ಸೋಲು. ಇದರಲ್ಲಿ 8 ಅಂಕದೊಳಗಿನ ಆಟ 27. ಗೆದ್ದದ್ದು ಬರೇ 5. ಇಂಥ ಆಟದಲ್ಲಿ ಅದೃಷ್ಟದ ಪಾಲೂ ಇರುತ್ತದೆ, ನಿಜ. ನಾಣ್ಯ ಚಿಮ್ಮಿದರೂ 13 ಬರಬೇಕಿತ್ತು. ಬಂದಿದ್ದರೆ ಒಟ್ಟು ಲೆಕ್ಕ 24 ಗೆಲುವು, 23 ಸೋಲು ಆಗಿ ಕುರ್ಚಿಯೂ ಉಳಿಯುತ್ತಿತ್ತೇನೋ! ಐದು ವರ್ಷವೂ ನಾಣ್ಯ ಒಂದೇ ಮಗ್ಗುಲಿಗೆ ಬಿದ್ದರೆ ತಪ್ಪೆಲ್ಲ ನಾಣ್ಯದ್ದೇ ಅನ್ನೋಕೆ ಆಗೋದಿಲ್ಲ.

ಹೊಸ ಕೋಚು ಮ್ಯಾಟ್ ರೂಲ್ ಬಂದರೂ ಗ್ರಹಚಾರ ಕೂಡಲೇ ಬಿಡಲಿಲ್ಲ. 2023ರಲ್ಲಿ ಅಯೋವಾ ಎದುರು ಕೊನೇ ಒದೆತದಲ್ಲಿ 13–10ರ ಸೋಲು. 2024ರಲ್ಲಿ ಅದೇ ಅಯೋವಾ, ಅದೇ ಕೊನೇ ಒದೆತ, ಅದೇ 13–10!

ಆದರೂ ಆ ವರ್ಷ ಡಿಸೆಂಬರ್ 28ರಂದು ನ್ಯೂಯಾರ್ಕಿನಲ್ಲಿ ಬಾಸ್ಟನ್ ಕಾಲೇಜನ್ನು 20–15ರಲ್ಲಿ ಸೋಲಿಸಿದರು. 2016ರ ನಂತರ ಸೋಲಿಗಿಂತ ಗೆಲುವು ಹೆಚ್ಚಾದ ಮೊದಲ ವರ್ಷ ಅದು. ಅಂತರ ಐದೇ ಅಂಕ. ಅಷ್ಟು ಸಾಕಾಯಿತು.