ಬಸುರಿಯ ಊಟ, ಬ್ಯಾಟರಿಯ ಸೀಸ

ಪ್ರಶ್ನೆ: ಮಗ ಹಿರಿಯೂರಿನಲ್ಲಿ ಹಳೇ ಬ್ಯಾಟರಿ ರಿಪೇರಿ ಮಾಡುತ್ತಾನೆ. ಸೊಸೆ ಈಗ ಬಸುರಿ. ಸೀಸದ ವಿಷಕ್ಕೆ ಊಟದಲ್ಲಿ ಪರಿಹಾರ ಇದೆಯೇ? – ಓದುಗರು, ಹೊಳಲ್ಕೆರೆ

ಉತ್ತರ: ಸ್ವಲ್ಪ ಇದೆ. ಮೈಗೆ ಸೇರಿದ ಸೀಸ ಮೂಳೆಯಲ್ಲಿ ಹತ್ತಾರು ವರ್ಷ ಕೂತಿರುತ್ತದೆ. ಬಸುರಿನಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ದೇಹ ಮೂಳೆಗೇ ಕೈಹಾಕುತ್ತದೆ. ಜೊತೆಗೆ ಸೀಸವೂ ರಕ್ತಕ್ಕಿಳಿದು ಮಗುವನ್ನು ಮುಟ್ಟುತ್ತದೆ. ಕಬ್ಬಿಣದ ಕೊರತೆಯಿದ್ದರೆ ಕರುಳು ಸೀಸವನ್ನು ಇನ್ನಷ್ಟು ಹೀರುತ್ತದೆ. ಪುಣ್ಯಕ್ಕೆ ನಮ್ಮದು ರಾಗಿ ಸೀಮೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಇರಲಿ. ಕಬ್ಬಿಣದ ಮಾತ್ರೆ ತಪ್ಪದಿರಲಿ. ಆದರೆ ಮೆಕ್ಸಿಕೋದ ಅಧ್ಯಯನವೊಂದರಲ್ಲಿ ಗರ್ಭಿಣಿಯರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟರೂ ರಕ್ತದ ಸೀಸ ಇಳಿದದ್ದು ಸರಾಸರಿ ಶೇ. 11 ಮಾತ್ರ. ಹಾಗಾಗಿ ಮುಖ್ಯ ಕೆಲಸ ಮಗನದು: ಸೀಸದ ಧೂಳು ಮನೆಗೆ ಬರದಂತೆ ಅಂಗಡಿಯ ಬಟ್ಟೆ ಅಲ್ಲೇ ಬಿಚ್ಚಿಟ್ಟು, ಮೈಕೈ ತೊಳೆದು ಮನೆಗೆ ಬರಲಿ. ಸೊಸೆ ಬಯಕೆಯೆಂದು ಮಣ್ಣು ತಿನ್ನುತ್ತಿದ್ದರೆ ಬಿಡಿಸಿ, ಅದರಲ್ಲೂ ಸೀಸ ಇರಬಹುದು. ಸೀಸದ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಈಗಲೇ ಕೇಳಿ.