ಬೆನ್ನುಚೀಲದ ದಾಂಪತ್ಯ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕಟ್ಟಿದವರು ಮನೆಯಲ್ಲಿ ವಾಸಿಸುತ್ತಿದ್ದವರು. ಉಣ್ಣಲು ಅಡಿಗೆಮನೆ, ಮಲಗಲು ಹಾಸಿಗೆ, ಇವೆರಡೂ ಇದ್ದೇ ಇರುತ್ತವೆಂದು ಭಾವಿಸಿಯೇ ಅವರು ಆ ಮಾತನ್ನಾಡಿದ್ದಾರೆ. ಆದರೆ ಬೆನ್ನಿಗೆ ಚೀಲವೇರಿಸಿಕೊಂಡು, ಎಣಿಸಿದ ಹಣವನ್ನು ಸೊಂಟಕ್ಕೆ ಕಟ್ಟಿಕೊಂಡು ಪರದೇಶದ ಊರುಗಳಲ್ಲಿ ಅಲೆಯುವ ದಂಪತಿಗಳಿಗೆ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎಂಬುದೇ ಜಗಳದ ವಸ್ತು. ಇಂಥ ಪ್ರವಾಸದ ಸುಖವೇನು, ಕಷ್ಟವೇನು ಎಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ಇಂದಿನ ಉದ್ದೇಶ.

ಇದಕ್ಕೆ ಹೆಸರಾಂತ ನಿದರ್ಶನವೊಂದಿದೆ. ಇಂಗ್ಲೆಂಡಿನ ಟೋನಿ ವ್ಹೀಲರ್ ಮತ್ತು ಬೆಲ್‌ಫಾಸ್ಟಿನ ಮೌರೀನ್ ಮದುವೆಯಾದದ್ದು 1971ರಲ್ಲಿ. ಮರುವರ್ಷವೇ ಅವರು ಹಳೆಯ ಮಿನಿ ವ್ಯಾನೊಂದನ್ನು 65 ಪೌಂಡಿಗೆ ಕೊಂಡು ಲಂಡನ್ನಿನಿಂದ ಪೂರ್ವಾಭಿಮುಖವಾಗಿ ಹೊರಟರು. ಯೂರೋಪು, ತುರ್ಕಿ, ಇರಾನುಗಳನ್ನು ದಾಟಿ ಆಫ್ಘಾನಿಸ್ತಾನವನ್ನು ಸೇರಿ, ಕಾಬೂಲಿನಲ್ಲಿ ವ್ಯಾನನ್ನು ಮಾರಿದರು. ಅಲ್ಲಿಂದ ಮುಂದೆ ಸಿಕ್ಕ ವಾಹನವೇ ತಮ್ಮ ವಾಹನವೆಂದುಕೊಂಡು ಪಾಕಿಸ್ತಾನ, ಭಾರತ, ನೇಪಾಳಗಳನ್ನು ಹಾಯ್ದು, ಆಗ್ನೇಯ ಏಷ್ಯವನ್ನು ಕ್ರಮಿಸಿ, ಬಾಲಿ ದ್ವೀಪದಿಂದ ಹಾಯಿದೋಣಿಯೊಂದರಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ತೀರವನ್ನು ಮುಟ್ಟಿದರು. ವರ್ಷದ ಕೊನೆಗೆ ಸಿಡ್ನಿ ನಗರವನ್ನು ಸೇರಿದಾಗ ಇಬ್ಬರಲ್ಲಿಯೂ ಕೂಡಿ ಉಳಿದಿದ್ದುದು 27 ಸೆಂಟು.

ಹೇಗೆ ಬಂದಿರಿ, ಎಷ್ಟು ಖರ್ಚಾಯಿತು ಎಂದು ಕಂಡವರೆಲ್ಲ ಕೇಳತೊಡಗಿದಾಗ ಅವರು ಆ ಉತ್ತರವನ್ನೇ ಪುಸ್ತಕವಾಗಿಸಿದರು. ಏಷ್ಯವನ್ನು ಅಗ್ಗವಾಗಿ ದಾಟುವುದು ಹೇಗೆಂದು ತಿಳಿಸುವ ಆ ಪುಸ್ತಿಕೆಯನ್ನು 1973ರಲ್ಲಿ ಅಡಿಗೆಮನೆಯ ಮೇಜಿನ ಮೇಲೆ ತಾವೇ ಸಿದ್ಧಪಡಿಸಿದರು. ಮುಂದೆ ಲೋಕಪ್ರಸಿದ್ಧವಾದ ‘ಲೋನ್ಲಿ ಪ್ಲಾನೆಟ್’ ಪ್ರಕಾಶನ ಹುಟ್ಟಿದ್ದು ಹೀಗೆ. ಒಂಟಿ ಗ್ರಹವೆಂಬ ಅರ್ಥದ ಆ ಹೆಸರು ಜಂಟಿ ಪಯಣದಿಂದ ಬಂದದ್ದು ಒಂದು ವಿನೋದ. ಅವರು ಬಂದ ಭೂಮಾರ್ಗ ಮಾತ್ರ ಬಹುಕಾಲ ಉಳಿಯಲಿಲ್ಲ. 1979ರಲ್ಲಿ ಇರಾನಿನ ಕ್ರಾಂತಿಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಆಫ್ಘಾನಿಸ್ತಾನವನ್ನು ಹೊಕ್ಕಿತು. ಯೂರೋಪಿನಿಂದ ಕಾಠಮಂಡುವಿನವರೆಗೆ ತರುಣರು ತುಳಿಯುತ್ತಿದ್ದ ಆ ಹಾದಿ ಮುಚ್ಚಿಹೋಯಿತು. ಹಾದಿ ಮುಚ್ಚಿದರೂ ಅಭ್ಯಾಸ ಉಳಿಯಿತು.

ಇಬ್ಬರು ಕೂಡಿ ಹೋಗುವುದರ ಮೊದಲ ಲಾಭ ಲೆಕ್ಕದ್ದು. ಕೋಣೆಯ ಬಾಡಿಗೆ, ಟ್ಯಾಕ್ಸಿಯ ಬಾಡಿಗೆ ಇಬ್ಬರಲ್ಲಿ ಹಂಚಿಹೋಗುತ್ತವೆ. ಒಬ್ಬರು ಟಿಕೆಟ್ಟಿನ ಸಾಲಿನಲ್ಲಿ ನಿಂತಾಗ ಇನ್ನೊಬ್ಬರು ಚೀಲಗಳನ್ನು ಕಾಯಬಹುದು. ಆದರೆ ಎಲ್ಲ ವೆಚ್ಚವೂ ಹೀಗೆ ಅರ್ಧವಾಗುವುದಿಲ್ಲ. ಯುವಜನರ ವಸತಿಗೃಹಗಳಾದ ಹಾಸ್ಟೆಲುಗಳನ್ನೇ ನೋಡಿ. ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್ಮನ್ ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯಲ್ಲಿ ಹೊರಟು ಬಿರುಮಳೆಗೆ ಸಿಕ್ಕಿದ್ದು 1909ರಲ್ಲಿ. ಆ ರಾತ್ರಿಯ ಯೋಚನೆಯ ಫಲವಾಗಿ ಆಲ್ಟೆನಾ ಕೋಟೆಯಲ್ಲಿ ಮೊದಲ ಶಾಶ್ವತ ಹಾಸ್ಟೆಲು ತೆರೆದದ್ದು 1912ರಲ್ಲಿ. ಅಲ್ಲಿ ಹಣ ತೆರುವುದು ಮಂಚಕ್ಕೆ, ಕೋಣೆಗಲ್ಲ. ಎರಡು ಮಂಚಗಳ ಬಾಡಿಗೆ ಕೂಡಿದರೆ ಸಾಧಾರಣ ಹೋಟೆಲಿನ ಒಂದು ಕೋಣೆಯ ಬಾಡಿಗೆಯನ್ನು ಮೀರುವುದುಂಟು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಮಲಗುವ ಕೋಣೆಗಳಿದ್ದಲ್ಲಿ ದಂಪತಿಗಳು ರಾತ್ರಿ ಬಾಗಿಲಲ್ಲೇ ಅಗಲಬೇಕು.

ವೀಸಾದ ವೆಚ್ಚವೂ ಹಂಚಿಹೋಗುವಂಥದಲ್ಲ. ಭಾರತದ ಪ್ರಜೆಗಳು ಯೂರೋಪಿನ 29 ದೇಶಗಳ ಷೆಂಗೆನ್ ವಲಯಕ್ಕೆ ಹೋಗಬೇಕಾದರೆ ವಯಸ್ಕರು ತಲಾ 90 ಯೂರೋ ಶುಲ್ಕ ಕಟ್ಟಬೇಕು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಪ್ರತಿಯೊಬ್ಬರಿಗೂ ಇರಬೇಕು. ಅರ್ಜಿ ತಿರಸ್ಕೃತವಾದರೆ ಶುಲ್ಕ ಮರಳಿ ಬಾರದು. ಅರ್ಜಿಗಳನ್ನು ಒಂದೊಂದಾಗಿ ಪರಿಶೀಲಿಸುವುದರಿಂದ ಒಬ್ಬರಿಗೆ ದೊರೆತು ಮತ್ತೊಬ್ಬರಿಗೆ ದೊರೆಯದಿರುವ ಸಂಭವವೂ ಇದೆ. ತಂಗುವ ಸ್ಥಳ, ಹಿಂತಿರುಗುವ ಏರ್ಪಾಡು, ಬ್ಯಾಂಕಿನಲ್ಲಿರುವ ಹಣ ಇವುಗಳನ್ನೆಲ್ಲ ಮೊದಲೇ ತೋರಿಸಬೇಕಾದ ನಮ್ಮವರಿಗೆ, 27 ಸೆಂಟಿನೊಡನೆ ಊರೊಂದನ್ನು ಸೇರುವ ಸ್ವಾತಂತ್ರ್ಯವಿಲ್ಲ.

ಇವೆಲ್ಲ ಹಣದ ಮಾತಾಯಿತು. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಅಗ್ಗದ ಕೋಣೆಯ ಬೆಲೆ ಗಂಡನಿಗೂ ಹೆಂಡತಿಗೂ ಒಂದೇ ಅಲ್ಲ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅರ್ಧ ಬಾಡಿಗೆಗೆ ಕೋಣೆ ಸಿಕ್ಕಿತೆಂದು ಗಂಡ ಹಿಗ್ಗುತ್ತಾನೆ. ಹೆಂಡತಿ ನೋಡುವುದು ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೆ, ಗಲ್ಲಿಯಲ್ಲಿ ದೀಪವಿದೆಯೆ, ಬಚ್ಚಲುಮನೆ ಎಷ್ಟು ದೂರ ಎಂಬುದನ್ನು. ಅವನು ಉಳಿಸಿದ ಹಣವನ್ನು ಅವಳು ನಿದ್ದೆಗೆಟ್ಟು ತೀರಿಸಬೇಕಾಗುತ್ತದೆ. ದಿನದ ಖರ್ಚನ್ನು ಬರೆದಿಡುವ ಪುಸ್ತಕದಲ್ಲಿ ಈ ವೆಚ್ಚಕ್ಕೆ ಅಂಕಣವಿಲ್ಲ. ಮಿತವ್ಯಯದಲ್ಲಿ ಯಾರ ಪಾಲಿನ ಕಷ್ಟ ಹೆಚ್ಚೆಂದು ಕೇಳದೆ ಹೋದ ದಂಪತಿಗಳು ಪರದೇಶದಲ್ಲಿ ಜಗಳವಾಡುವುದು ಆಶ್ಚರ್ಯವಲ್ಲ.

ಮನೆಯಲ್ಲಿ ಗಂಡಹೆಂಡಿರಿಗೆ ದಿನದ ಬಹುಭಾಗ ಬೇರೆ ಬೇರೆಯಾಗಿ ಕಳೆಯುತ್ತದೆ. ಕಚೇರಿಯಿದೆ, ನೆರೆಮನೆಯಿದೆ, ತವರುಮನೆಯಿದೆ. ಮುನಿಸಿಗೆ ಇವೆಲ್ಲ ಗಾಳಿಕಿಂಡಿಗಳು. ಭಾಷೆ ತಿಳಿಯದ ಊರಿನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಮಾತಿಗೆ ಸಿಕ್ಕುವುದು ಒಬ್ಬರೇ. ಸಿಟ್ಟಾಗುವುದಕ್ಕೂ ಅವರೇ, ದೂರು ಹೇಳಿಕೊಳ್ಳುವುದಕ್ಕೂ ಅವರೇ. ದಣಿವು, ಹಸಿವು, ತಪ್ಪಿದ ರೈಲು ಇವು ಕೂಡಿದಾಗ ಒಂದು ಲೋಟ ಕಾಫಿಯ ಬೆಲೆಯೂ ವಾಗ್ವಾದಕ್ಕೆ ಸಾಕು. ನುರಿತ ಪ್ರವಾಸಿಗಳು ಅನುಸರಿಸುವ ಕ್ರಮಗಳು ಸರಳವಾಗಿವೆ. ಹಸಿದ ಹೊಟ್ಟೆಯಲ್ಲಿ ಕೋಣೆ ಗೊತ್ತುಮಾಡಬಾರದು. ಹಣವನ್ನು ಇಬ್ಬರೂ ಬೇರೆ ಬೇರೆ ಕಡೆ ಇಟ್ಟುಕೊಳ್ಳಬೇಕು. ಒಂದು ಕಳುವಾದರೆ ಇನ್ನೊಂದು ಉಳಿಯುತ್ತದೆ. ವಾರಕ್ಕೊಂದು ಹಗಲು, ಒಬ್ಬರು ವಸ್ತುಸಂಗ್ರಹಾಲಯಕ್ಕೆ, ಇನ್ನೊಬ್ಬರು ಸಂತೆಗೆ ಹೋಗಬೇಕು. ಸಂಜೆ ಕೂಡಿದಾಗ ಹೇಳಿಕೊಳ್ಳಲು ಏನಾದರೂ ಇರುತ್ತದೆ.

ಇನ್ನು ಲಾಭದ ಬದಿ. ಹೊರಗಿನ ಆಹಾರ ಒಗ್ಗದೆ ಒಬ್ಬರು ಮಲಗಿದಾಗ ಸಕ್ಕರೆ ಉಪ್ಪು ಬೆರೆಸಿದ ನೀರು ಕುಡಿಸುವ, ಕೈಸನ್ನೆಯಿಂದ ಔಷಧಿ ಕೇಳಿ ತರುವ ಇನ್ನೊಂದು ಜೀವ ಪಕ್ಕದಲ್ಲಿರುತ್ತದೆ. ದೊಡ್ಡ ಹೋಟೆಲಿನಲ್ಲಿ ಈ ಕೆಲಸವನ್ನು ನೌಕರರು ಮಾಡುತ್ತಾರೆ. ಇಲ್ಲಿ ಪರಸ್ಪರರೇ ಮಾಡಬೇಕು. ಮದುವೆಯಾಗಿ ಬಹುಕಾಲವಾದವರೂ ಒಬ್ಬರಲ್ಲೊಬ್ಬರು ಹೊಸ ಗುಣ ಕಾಣುವುದು ಇಂಥ ಸಂದರ್ಭದಲ್ಲಿ: ಮೌನಿಯೆಂದುಕೊಂಡವಳು ಸಂತೆಯಲ್ಲಿ ಸನ್ನೆಯಿಂದಲೇ ಚೌಕಾಶಿ ಮಾಡುತ್ತಾಳೆ, ಎಲ್ಲ ಬಲ್ಲೆನೆಂಬವನು ದಾರಿ ಕೇಳಲು ಕಲಿಯುತ್ತಾನೆ.

ಒಂದು ಎಚ್ಚರ ಮಾತ್ರ ಅಗತ್ಯ. ಈ ಬಡತನ ನಾವು ಆರಿಸಿಕೊಂಡದ್ದು. ನಮ್ಮಲ್ಲಿ ಹಿಂತಿರುಗುವ ಟಿಕೆಟ್ಟಿದೆ. ಎದುರಿಗೆ ಕುಳಿತು ಹಣ್ಣು ಮಾರುವವಳ ಬಡತನ ಅಂಥದಲ್ಲ. ಅವಳೊಡನೆ ಕೊನೆಯ ಕಾಸಿಗಾಗಿ ಹೆಣಗಾಡಿ ಗೆದ್ದದ್ದು ಪ್ರವಾಸದ ಸಾಹಸವೆನಿಸದು. ಎಲ್ಲಿ ಕೈ ಬಿಗಿಹಿಡಿಯಬೇಕು, ಎಲ್ಲಿ ಸಡಿಲಿಸಬೇಕು ಎಂಬುದನ್ನು ಇಬ್ಬರೂ ಕೂಡಿ ನಿರ್ಧರಿಸುವುದೇ ಇಂಥ ಪ್ರವಾಸದ ಮುಖ್ಯ ಪಾಠ. ಅದನ್ನು ಕಲಿತವರಿಗೆ ನೋಡಿದ ಊರುಗಳು ಕಾಲಕ್ರಮದಲ್ಲಿ ಮರೆತರೂ ಪ್ರವಾಸದ ಫಲ ಮನೆಯಲ್ಲಿ ಉಳಿದಿರುತ್ತದೆ.