ಉಬುಂಟುನಲ್ಲಿ ಡಿ ಡ್ರೈವ್ ಓಪನ್ ಆಗ್ತಿಲ್ವಾ?

ಉಬುಂಟುನಲ್ಲಿ ವಿಂಡೋಸ್‌ನ ಡಿ ಡ್ರೈವ್ ಕ್ಲಿಕ್ ಮಾಡಿದ್ರೆ ಮೌಂಟ್ ಎರರ್ ಬರ್ತಿದ್ಯಾ? ಫಾರ್ಮ್ಯಾಟ್‌ಗೆ ಮಾತ್ರ ಕೈ ಹಾಕ್ಬೇಡಿ, ಪ್ಲೀಸ್. ಡಿಸ್ಕ್ ಬಹುಶಃ ಚೆನ್ನಾಗೇ ಇದೆ.

ಸಾಮಾನ್ಯವಾಗಿ ಇದಕ್ಕೆ ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ರೆ, ಶಟ್‌ಡೌನ್ ಕೊಟ್ರೂ ವಿಂಡೋಸ್ ಪೂರ್ತಿ ಆಫ್ ಆಗಲ್ಲ. ಕರ್ನಲ್ ಸ್ಥಿತಿಯನ್ನ ಡಿಸ್ಕ್‌ಗೆ ಬರೆದಿಟ್ಟು ಅರೆನಿದ್ದೆಗೆ ಜಾರತ್ತೆ, ಪಾರ್ಟಿಷನ್ ಅರ್ಧಂಬರ್ಧ ತೆರೆದೇ ಇರತ್ತೆ. ಅದನ್ನ ನೋಡಿ ಲಿನಕ್ಸ್ ‘ಬೇಡಪ್ಪ’ ಅಂತ ಹಿಂದೆ ಸರಿಯತ್ತೆ. ಅದು ಮಾಡೋದು ಸರಿನೇ, ಈಗ ಬರೆದ್ರೆ ಫೈಲ್ ಹಾಳಾಗ್ಬಹುದು.

ವಿಂಡೋಸ್‌ಗೆ ಹೋಗಿ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೀರಿ, ಶಟ್‌ಡೌನ್ ಮಾಡಿ. ಆಮೇಲೂ ಉಬುಂಟುನಲ್ಲಿ ಡ್ರೈವ್ ಹಟ ಮಾಡಿದ್ರೆ ವಿಂಡೋಸ್‌ನಲ್ಲೇ ಚೆಕ್‌ಡಿಸ್ಕ್ ಓಡಿಸಿ. ಲಿನಕ್ಸ್‌ನ ಎನ್‌ಟಿಎಫ್‌ಎಸ್‌ಫಿಕ್ಸ್ ಸಣ್ಣಪುಟ್ಟ ರಿಪೇರಿಗಷ್ಟೇ.

ಡ್ರೈವ್‌ನಿಂದ ಟಕ್ ಟಕ್ ಸದ್ದು ಬರ್ತಿದ್ರೆ? ಯಾವ ಕಮಾಂಡೂ ಬೇಡ. ಪವರ್ ತೆಗೆದು, ಸೀದಾ ಡೇಟಾ ರಿಕವರಿಯವರ ಹತ್ರ ಹೋಗಿ.